ನಾಯಿ ನೋಡಲು ನಡೆದ ಶ್ರಾವಣ

ಮೊನ್ನೆ ಬೆಳಿಗ್ಗೆ ಸಾರಕ್ಕಿ ಕೆರೆಯ ಸುತ್ತ ಹಾಕಿರುವ ವಾಕಿಂಗ್ ದಾರಿಯಲ್ಲಿ ನನ್ನ ಮಂಡಿಗೆ ಬೈದುಕೊಳ್ಳುತ್ತಾ ಅರ್ಧ ಸುತ್ತು ಮುಗಿಸಿ ಬೆಂಚಿನ ಮೇಲೆ ಕೂತಿದ್ದೆ. ಎದುರಿಗೆ ಗಂಡ, ಹೆಂಡತಿ, ತಲೆಗೆ ಹೆಲ್ಮೆಟ್ ಹಾಕಿಕೊಂಡ ಎರಡು ಮಕ್ಕಳು, ಮಕ್ಕಳಿಗೊಂದೊಂದು ಪುಟ್ಟ ಸೈಕಲ್. ನೋಡಲು ಚೆನ್ನಾಗಿಯೇ ಇತ್ತು. ಪಕ್ಕದ ನಲ್ಲಿಯಲ್ಲಿ ತೋಟದ ಮಾಲಿ ಕೆಂಪು ಸೋಪು ಹಚ್ಚಿ ಕೈ ತೊಳೆಯುತ್ತಿದ್ದ. ಆ ಕಾರ್ಬಾಲಿಕ್ ಸೋಪಿನ ವಾಸನೆ ಗಾಳಿಯಲ್ಲಿ ಬಂದು ಮೂಗಿಗೆ ತಾಕಿದ್ದೇ ತಡ, ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಇಷ್ಟು ವರ್ಷವಾದರೂ ಹಾಗೆಯೇ ಆಗುತ್ತದೆ. ನಮ್ಮ ಮನೆಗೆ ಆ ಸೋಪು ತರಬಾರದೆಂದು ನಾನು ಹಾಕಿದ ಕಟ್ಟಪ್ಪಣೆಗೆ ಕಾರಣ ಇದೇ ಕೆರೆ, ಎಪ್ಪತ್ತರ ದಶಕದ ಕೊನೆಯ ಒಂದು ಶ್ರಾವಣ.

ಆಗ ನಾವು ಜಯನಗರದಲ್ಲಿ ಬಾಡಿಗೆಗೆ ಇದ್ದೆವು. ಒಂದು ರೂಮು, ಒಂದು ಅಡುಗೆಮನೆ, ಬಚ್ಚಲು ಹೊರಗೆ. ನಮ್ಮ ಯಜಮಾನರು ಮೈಸೂರು ರಸ್ತೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ನಡೆಯುವ ಹುಚ್ಚು. ಮದುವೆಯಾಗಿ ಹರಿಹರದ ಕಡೆಯಿಂದ ಬಂದವಳಿಗೆ ಬೆಂಗಳೂರು ತೋರಿಸುತ್ತೇನೆ ಎಂದಿದ್ದರು. ತೋರಿಸಿದರು, ಇಲ್ಲ ಎನ್ನುವುದಿಲ್ಲ. ಎಲ್ಲವನ್ನೂ ಕಾಲ್ನಡಿಗೆಯಲ್ಲಿ, ಹೆಚ್ಚೆಂದರೆ ಸೈಕಲ್ಲಿನಲ್ಲಿ ತೋರಿಸಿದರು. ಭಾನುವಾರ ಬಂತೆಂದರೆ ಡಬ್ಬಿಗೆ ಉಪ್ಪಿಟ್ಟು ತುಂಬಿಸಿಕೊಂಡು, ಹಸಿರು ಸೈಕಲ್ಲಿನ ಬಾರ್ ಮೇಲೆ ಟವೆಲ್ ಸುತ್ತಿ ಮಗಳು ಉಮಾಳನ್ನು ಕೂರಿಸಿಕೊಂಡು ಹೊರಟರೆ ಕನಕಪುರ ರಸ್ತೆ, ಸಾರಕ್ಕಿ ಕೆರೆಯ ಏರಿ, ಜರಗನಹಳ್ಳಿ, ಇನ್ನೂ ಹುಮ್ಮಸ್ಸಿದ್ದರೆ ವಸಂತಪುರದ ಗುಡ್ಡ. ಇಳಿಜಾರಿನಲ್ಲಿ ನಾನು ಕ್ಯಾರಿಯರ್ ಮೇಲೆ, ಏರಿನಲ್ಲಿ ನಾನು ಕಾಲ ಮೇಲೆ. ಜೆ.ಪಿ. ನಗರ ಎನ್ನುವುದು ಆಗ ಬರೀ ರಸ್ತೆ ಮತ್ತು ಸೈಟಿನ ಕಲ್ಲು. ಮೋರಿಗೆಂದು ತಂದುಹಾಕಿದ ದೊಡ್ಡ ದೊಡ್ಡ ಸಿಮೆಂಟ್ ಪೈಪುಗಳು ಲಂಟಾನದ ಪೊದೆಗಳ ನಡುವೆ ಉರುಳಿ ಬಿದ್ದಿರುತ್ತಿದ್ದವು. ಒಂದು ನರಪಿಳ್ಳೆ ಇಲ್ಲದ ಆ ಡಾಂಬರು ರಸ್ತೆಗಳಲ್ಲಿ ಇವರು ಸೈಕಲ್ ಹೊಡೆಯುತ್ತಾ ಒಂದು ದಿನ ಇಲ್ಲೇ ಸೈಟು ತಗೊಳ್ಳೋಣ ಎನ್ನುತ್ತಿದ್ದರು. ನಾನು, ನರಿಗಳಿಗೆ ಬಾಡಿಗೆ ಕೊಡೋಣ ಬಿಡಿ ಎನ್ನುತ್ತಿದ್ದೆ.

ಆ ಶ್ರಾವಣದ ಮೊದಲ ಭಾನುವಾರ ಜಿನುಗು ಮಳೆ ಬಂದು ನಿಂತಿತ್ತು. ಮಾರನೆಯ ದಿನ ಸೋಮವಾರ, ಶಿವನಿಗೆ ತುಂಬೆ ಹೂವು ಬೇಕಿತ್ತು. ಕೆರೆ ಏರಿಯ ಕೆಳಗೆ ತುಂಬೆ ಗಿಡಗಳು ಬೆಳ್ಳಗೆ ಹರಡಿಕೊಂಡಿದ್ದವು. ಆರು ವರ್ಷದ ಉಮಾ ತನ್ನ ಲಂಗದ ಮಡಿಲಿಗೆ ಹೂವು ಬಿಡಿಸಿ ಹಾಕಿಕೊಳ್ಳುತ್ತಾ ಪೊದೆಯ ಆಚೆಗೆ ಹೋದಳು. ನಾನು ಉಪ್ಪಿಟ್ಟಿನ ಡಬ್ಬಿ ಬಿಚ್ಚುತ್ತಿದ್ದೆ. ಇವರು ಸೈಕಲ್ ಚೈನು ನೋಡುತ್ತಿದ್ದರು. ಆಗ ಕೇಳಿದ ಕಿರುಚಾಟ ನನ್ನ ಮಗಳದು ಎಂದು ತಿಳಿಯಲು ನನಗೆ ಒಂದು ಗಳಿಗೆ ಹಿಡಿಯಿತು. ಓಡಿ ಹೋಗಿ ನೋಡಿದರೆ ಮಗು ನೆಲದ ಮೇಲೆ, ಮೀನಖಂಡದಲ್ಲಿ ಎರಡು ಹಲ್ಲಿನ ಗುರುತು, ರಕ್ತ. ನಾಲ್ಕು ಮಾರು ದೂರದಲ್ಲಿ ಕಂದು ಬಣ್ಣದ, ಕತ್ತಿನ ಹತ್ತಿರ ಬೆಳ್ಳಗಿದ್ದ ಒಂದು ನಾಯಿ ನಿಂತು ನಮ್ಮನ್ನೇ ನೋಡುತ್ತಿತ್ತು. ಇವರು ಕಲ್ಲು ಬೀಸಿದರು. ಅದು ಏರಿ ಹತ್ತಿ ಓಡಿತು.

ಹತ್ತಿರದ ಪಂಪ್‌ಹೌಸಿನ ಕಾವಲುಗಾರ ಒಂದು ತುಂಡು ಕೆಂಪು ಸೋಪು ಕೊಟ್ಟ. ಇವರು ಮಗುವಿನ ಕಾಲನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜಿದರು, ಉಜ್ಜಿದರು, ಉಜ್ಜುತ್ತಲೇ ಇದ್ದರು. ಉಮಾ ಉಸಿರು ಕಟ್ಟಿ ಅಳುತ್ತಿದ್ದಳು. ಇವರು ಏನೂ ಆಗಲ್ಲ, ಏನೂ ಆಗಲ್ಲ ಎಂದು ಹೇಳುತ್ತಿದ್ದುದು ಯಾರಿಗೋ ಗೊತ್ತಿಲ್ಲ.

ನನಗೆ ನಾಯಿಯ ಭಯ ಸುಮ್ಮನೆ ಬಂದದ್ದಲ್ಲ. ನನ್ನ ತವರಿನ ಬೀದಿಯಲ್ಲಿ ಒಬ್ಬ ಬಟ್ಟೆ ಅಂಗಡಿಯವನಿಗೆ ಹುಚ್ಚುನಾಯಿ ಕಚ್ಚಿತ್ತು. ಕಚ್ಚಿದ್ದನ್ನು ಅವನು ಮರೆತೇ ಬಿಟ್ಟಿದ್ದ. ಎರಡು ತಿಂಗಳಾದ ಮೇಲೆ ನೀರಿನ ಲೋಟ ಕಂಡರೆ ಗಂಟಲು ಹಿಸುಕಿದ ಹಾಗೆ ಮಾಡತೊಡಗಿದ. ಕೊನೆಗೆ ಅವನನ್ನು ಒಂದು ಕೋಣೆಯಲ್ಲಿಟ್ಟು ಹೊರಗಿನಿಂದ ಚಿಲಕ ಹಾಕಿದರು. ಶಾಲೆಗೆ ಹೋಗುವಾಗ ಆ ಬಾಗಿಲಿನ ಆಚೆಯ ಸದ್ದು ನಾನು ಕೇಳಿದ್ದೇನೆ. ಅದನ್ನು ಇಲ್ಲಿ ಬರೆಯಲಾರೆ.

ಸಂಜೆಗೆ ನಮ್ಮ ಬ್ಲಾಕಿನ ವಯಸ್ಸಾದ ಡಾಕ್ಟರ ಮನೆಗೇ ಹೋದೆವು. ಅವರು ಗಾಯ ನೋಡಿ ಔಷಧಿ ಹಚ್ಚಿ, ನಿಧಾನವಾಗಿ ವಿವರಿಸಿದರು. ದೊಡ್ಡಾಸ್ಪತ್ರೆಯಲ್ಲಿ ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಕೊಡುತ್ತಾರೆ. ನೋವು ಬಹಳ, ಸಣ್ಣ ಮಕ್ಕಳಿಗೆ ಅದರಿಂದಲೇ ಅಪರೂಪಕ್ಕೆ ತೊಂದರೆ ಆಗುವುದೂ ಉಂಟು. ಕಚ್ಚಿದ ನಾಯಿ ಯಾವುದೆಂದು ಖಚಿತವಾಗಿ ಗೊತ್ತಿದ್ದು, ಹತ್ತು ದಿನ ಅದು ಆರೋಗ್ಯವಾಗಿ ಬದುಕಿದ್ದರೆ ಇಂಜೆಕ್ಷನ್ ಬೇಡ. ಅದು ಸತ್ತರೆ ಅಥವಾ ಕಾಣದೆ ಹೋದರೆ ಅವತ್ತೇ ಆಸ್ಪತ್ರೆಗೆ ಓಡಬೇಕು. ಆ ಕಾಲದಲ್ಲಿ ಹಾಗೆ ಹೇಳುತ್ತಿದ್ದರು. ಈಗ ಯಾವ ಡಾಕ್ಟರೂ ಹಾಗೆ ಕಾಯಿಸುವುದಿಲ್ಲವಂತೆ, ಪುಣ್ಯ.

"ನಾಯಿ ಯಾವ್ದು ಅಂತ ಗ್ಯಾರಂಟಿ ಗೊತ್ತೇನಪ್ಪಾ?" ಎಂದು ಡಾಕ್ಟರು ಕೇಳಿದರು.

"ಕಣ್ಣಾರೆ ನೋಡಿದೀನಿ ಸಾರ್" ಎಂದರು ಇವರು.

ನಾನೂ ನೋಡಿದ್ದೆ. ತಲೆಯಾಡಿಸಿದೆ. ಉಮಾ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

ಅಂದಿನಿಂದ ಶುರುವಾಯಿತು ನಮ್ಮ ಮನೆಯ ವಾಕಿಂಗು. ಮೊದಲ ದಿನ ಇವರೊಬ್ಬರೇ ಸೈಕಲ್ಲಿನಲ್ಲಿ ಹೋಗಿ ಬಂದು, ಇದೆ ಕಣೇ, ಬಾಲ ಅಲ್ಲಾಡಿಸ್ತು ಎಂದರು. ನನಗೆ ನಂಬಿಕೆ ಬರಲಿಲ್ಲ. ನನ್ನ ಕಣ್ಣಿನಿಂದ ನೋಡದೆ ಅನ್ನ ಇಳಿಯದು ಎಂದು ಹಟ ಹಿಡಿದೆ. ಮಗುವನ್ನು ಒಬ್ಬಳನ್ನೇ ಬಿಟ್ಟು ಹೋಗುವುದು ಹೇಗೆ? ಅವಳನ್ನೂ ಕರೆದುಕೊಂಡೇ ಹೋದೆವು. ನಾಯಿಗೆ ಕಾಯುತ್ತಿದ್ದೇವೆ ಎಂದು ಅವಳಿಗೆ ಹೇಳಿದರೆ ಹೆದರಿಕೊಂಡಾಳು ಎಂದು ಇಬ್ಬರೂ ಮಾತಾಡಿಕೊಂಡು, ಕಾಲು ಬೇಗ ಸರಿಹೋಗೋಕೆ ದಿನಾ ಗಾಳಿ ಬೇಕು, ವಾಕಿಂಗ್ ಹೋಗೋಣ ಎಂದು ಹೇಳಿದೆವು. ಅವಳಿಗೆ ಖುಷಿ. ದಿನವೂ ಭಾನುವಾರ ಬಂದ ಹಾಗೆ.

ಬೆಳಗಿನ ಆರಕ್ಕೆಲ್ಲ ಹೊರಟುಬಿಡುತ್ತಿದ್ದೆವು. ಜಯನಗರದ ಸಾಲುಮರಗಳಿಂದ ಹನಿ ತೊಟ್ಟಿಕ್ಕುತ್ತಿರುತ್ತಿತ್ತು. ಮೇಲಿನ ಮನೆಯ ಪದ್ಮಕ್ಕ ರಂಗೋಲಿ ಹಾಕುತ್ತಾ, ಏನ್ರೀ ದಿನಾ ಜೋಡೀಲಿ ಸವಾರಿ, ನಮ್ಮೋರನ್ನೂ ಸ್ವಲ್ಪ ಎಬ್ಬಿಸಿ ಕರ್ಕೊಂಡು ಹೋಗಿ ಎಂದು ಕೀಟಲೆ ಮಾಡುತ್ತಿದ್ದರು. ನಾನು ನಗುತ್ತಿದ್ದೆ. ನಾಯಿ ಕಚ್ಚಿದ ಸಂಗತಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಒಬ್ಬೊಬ್ಬರು ಒಂದೊಂದು ಸೊಪ್ಪು, ಒಂದೊಂದು ಪಥ್ಯ ಹೇಳಿ ನನ್ನ ತಲೆ ಕೆಡಿಸುತ್ತಿದ್ದರು, ಅವರ ಮಕ್ಕಳನ್ನು ಉಮಾಳ ಜೊತೆ ಆಡಲು ಬಿಡುತ್ತಿರಲಿಲ್ಲ. ಕನಕಪುರ ರಸ್ತೆಗೆ ಬರುವ ಹೊತ್ತಿಗೆ ನನ್ನ ಎದೆ ಡವಡವ ಶುರುವಾಗುತ್ತಿತ್ತು. ಏರಿಯ ಮೇಲೆ ಆ ಕಂದು ಬೆನ್ನು ಕಂಡ ಕೂಡಲೇ ಉಸಿರು ಬರುತ್ತಿತ್ತು. ಒಂದು ನಾಯಿಯ ಆಯಸ್ಸಿಗಾಗಿ ನಾನು ಆ ಶ್ರಾವಣದಲ್ಲಿ ಬೇಡಿಕೊಂಡಷ್ಟು ನನ್ನ ಗಂಡನ ಆಯಸ್ಸಿಗೂ ಬೇಡಿಕೊಂಡಿಲ್ಲ. ಇವರಿಗೆ ಹೇಳಿದ್ದೇನೆ, ಬೇಜಾರು ಮಾಡಿಕೊಳ್ಳಲಿಲ್ಲ.

ನಾಯಿಗೆ ಚಪಾತಿ, ರೊಟ್ಟಿ, ಬನ್ನು ಎಲ್ಲ ಹೋಗುತ್ತಿತ್ತು. ಉಮಾ ಅದಕ್ಕೆ ಬೆಲ್ಲ ಎಂದು ಹೆಸರಿಟ್ಟಳು, ಬಣ್ಣಕ್ಕೆ ತಕ್ಕ ಹಾಗೆ. ಕಚ್ಚಿಸಿಕೊಂಡವಳಿಗೆ ಭಯವೇ ಇಲ್ಲ, ನಮಗೆ ಜೀವ ಹೋಗುತ್ತಿದೆ ಎಂದು ನಾವು ಆಶ್ಚರ್ಯಪಟ್ಟೆವು. ಮಕ್ಕಳು ಬೇಗ ಮರೆಯುತ್ತಾರೆ ಎಂದರು ಇವರು. ಅದಕ್ಕಿಂತ ಹೆಚ್ಚು ಯೋಚಿಸುವ ಬುದ್ಧಿ ನಮ್ಮಿಬ್ಬರಿಗೂ ಬರಲಿಲ್ಲ.

ಮನೆಯಲ್ಲಿ ನನ್ನ ಕಣ್ಣು ಅವಳ ಲೋಟದ ಮೇಲೆ. ಅವಳು ನೀರು ಕುಡಿಯುವಾಗ ಗಂಟಲು ಮೇಲೆ ಕೆಳಗೆ ಆಗುವುದನ್ನು ನೋಡುತ್ತಿದ್ದೆ. ಬಾಯಾರಿಕೆ ಇಲ್ಲದಿದ್ದರೂ ಕುಡಿಸುತ್ತಿದ್ದೆ. ಒಂದು ಮಧ್ಯಾಹ್ನ ಲೋಟ ಕಂಡವಳೇ ಮುಖ ತಿರುಗಿಸಿ ಬೇಡ ಎಂದಳು. ಮತ್ತೆ ಹಿಡಿದೆ. ಕೈಯಿಂದ ತಳ್ಳಿದಳು. ನೀರು ನೆಲಕ್ಕೆ ಚೆಲ್ಲಿತು. ನಾನು ಅಲ್ಲೇ ಕುಸಿದು ಕೂತೆ. ಮಗು ನನ್ನನ್ನು ನೋಡಿ ಹೆದರಿ, ಆಗ್ಲಿಂದ ಕುಡಿಸ್ತಾನೇ ಇದೀಯ, ಹೊಟ್ಟೆ ತುಂಬೋಗಿದೆ ಅಮ್ಮಾ ಎಂದು ಅಳತೊಡಗಿತು. ಆಮೇಲೆ ಅವಳೇ ಪಾಪ, ನನ್ನ ಸಮಾಧಾನಕ್ಕೆಂದು ಇನ್ನೊಂದು ಗುಟುಕು ಕುಡಿದಳು.

ಎಂಟನೆಯ ದಿನ. ಸಣ್ಣಗೆ ಮಳೆ ಹನಿಯುತ್ತಿತ್ತು. ಏರಿಯ ಮೇಲೆ ಇವರು ಕೊಡೆ ಹಿಡಿದು ನಿಂತಿದ್ದರು. ಇನ್ನೆರಡು ದಿನ, ಆಮೇಲೆ ಇಡೀ ಕುಟುಂಬಕ್ಕೆ ಮಸಾಲೆ ದೋಸೆ ಎಂದು ಅವತ್ತು ಮೊದಲ ಸಲ ತಮಾಷೆ ಮಾಡಿದ್ದರು. ಉಮಾ ಕುಕ್ಕರುಗಾಲಿನಲ್ಲಿ ಕೂತು ಬೆಲ್ಲನ ತಲೆ ಸವರುತ್ತಾ ರೊಟ್ಟಿ ಮುರಿದು ಹಾಕುತ್ತಿದ್ದಳು.

"ಬೆಲ್ಲ ಒಳ್ಳೇದು ಅಲ್ವಾ ಅಮ್ಮ? ಇದು ಯಾರ್ಗೂ ಕಚ್ಚಲ್ಲ" ಎಂದಳು.

ನಾನು ನಗುತ್ತಲೇ, ನಿನಗೆ ಕಚ್ಚಿದ್ದು ಇದೇ ಅಲ್ಲವೇನೇ ಎಂದೆ.

"ಇದಲ್ಲ. ಅದು ಬೇರೆ. ಅದೂ ಇದೇ ಬಣ್ಣ, ಆದ್ರೆ ಅದರ ಕಿವಿ ಹರ್ದೋಗಿತ್ತು. ಇದು ಆಮೇಲೆ ಬಂತು."

ಇವರ ಕೈಯಲ್ಲಿದ್ದ ಕೊಡೆ ವಾಲಿತು. ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ನಾನು ಅವಳ ಭುಜ ಹಿಡಿದು ಅಲ್ಲಾಡಿಸಿ ಕೇಳಿದೆ. ಅವಳಿಗೆ ಏನು ತಪ್ಪಾಯಿತೆಂದೇ ತಿಳಿಯಲಿಲ್ಲ. ವಾಕಿಂಗ್ ಅಂದ್ರಲ್ಲ ಎಂದಳು. ಹೌದು, ವಾಕಿಂಗ್ ಎಂದೇ ಹೇಳಿದ್ದೆವು. ನಾಯಿಯನ್ನು ನೋಡಿದವರು ನಾವು, ಗುರುತು ಹಿಡಿದವರು ನಾವು, ಡಾಕ್ಟರಿಗೆ ಹೇಳಿದವರು ನಾವು. ಕಚ್ಚಿಸಿಕೊಂಡವಳನ್ನು ಒಂದು ಮಾತು ಕೇಳಬೇಕು ಎಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಆಮೇಲಿನ ಎರಡು ಗಂಟೆ ಹೇಗೆ ಕಳೆಯಿತೋ. ಇವರು ಸೈಕಲ್ ಹತ್ತಿ ಪುಟ್ಟೇನಹಳ್ಳಿ ಕಡೆಗೆ ಹೋದರು. ನಾನು ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಜರಗನಹಳ್ಳಿಯ ಒಂದೊಂದು ಮನೆಯ ಮುಂದೆಯೂ ನಿಂತು, ಕಂದು ನಾಯಿ, ಕಿವಿ ಹರಿದಿರೋದು, ನೋಡಿದ್ರಾ ಎಂದು ಕೇಳಿದೆ. ಒಬ್ಬರು ಹೋದ ವಾರ ಕಂಡಿತ್ತು ಎಂದರು. ಒಬ್ಬರು ಬೀದಿನಾಯಿ ಹಿಡಿಯುವ ಗಾಡಿ ಬಂದಿತ್ತು ಎಂದರು. ಹಾಲು ಕರೆಯುತ್ತಿದ್ದ ಒಬ್ಬ ಮುದುಕಿ ನನ್ನ ಮುಖ ನೋಡಿ, ಮಗುವಿನ ಕಾಲಿನ ಗಾಯಕ್ಕೆ ಕಟ್ಟಿದ್ದ ಬಟ್ಟೆ ನೋಡಿ, "ತಾಯಿ, ನಾಯಿ ಹುಡುಕ್ಬೇಡ, ಆಸ್ಪತ್ರೆಗೆ ಹೋಗು" ಎಂದಳು. ನಾನು ಅಲ್ಲಿಂದಲೇ ತಿರುಗಿದೆ.

ಆಸ್ಪತ್ರೆಯಲ್ಲಿ ನಾಯಿ ಕಚ್ಚಿದವರದ್ದೇ ಒಂದು ಸಾಲು. ಎಳೆಯ ವಯಸ್ಸಿನ ಡಾಕ್ಟರು ಗಾಯ ಯಾವತ್ತಿನದು ಎಂದು ಕೇಳಿ ತಿಳಿದು, ಪೆನ್ನು ಕೆಳಗಿಟ್ಟರು. ಇಷ್ಟು ದಿನ ಏನ್ ಮಾಡ್ತಿದ್ರಿ ಎಂದು ಇವರನ್ನು ಕೇಳಿದರು.

"ವಾಕಿಂಗ್ ಮಾಡ್ತಿದ್ವಿ ಸಾರ್" ಎಂದರು ಇವರು.

ಬೇರೆ ಸಮಯವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅವರು ಸುಳ್ಳು ಹೇಳಲಿಲ್ಲ, ವ್ಯಂಗ್ಯ ಮಾಡಲಿಲ್ಲ, ತೋಚಿದ್ದು ಅದೊಂದೇ. ಡಾಕ್ಟರು ಬೈಯುವುದನ್ನೂ ಮರೆತು ಅವರ ಮುಖ ನೋಡಿದರು. ಆಮೇಲೆ, ತಡ ಆಗಿದೆ, ಆದ್ರೂ ಶುರು ಮಾಡೋಣ, ಒಂದು ದಿನವೂ ತಪ್ಪಿಸಬಾರದು, ನಡುವೆ ಆ ನಾಯಿ ಚೆನ್ನಾಗಿರೋದು ಕಂಡ್ರೆ ಬಂದು ಹೇಳಿ, ನಿಲ್ಲಿಸಬಹುದು ಎಂದರು. ತಡ ಎನ್ನುವ ಆ ಒಂದು ಮಾತು ನನ್ನ ಕಿವಿಯೊಳಗೇ ಉಳಿಯಿತು.

ಸೂಜಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಉದ್ದನೆಯ ಸೂಜಿ. ಮಗುವನ್ನು ಮೇಜಿನ ಮೇಲೆ ಮಲಗಿಸಿ, ನರ್ಸಮ್ಮ ಕಾಲು ಹಿಡಿದರೆ ನಾನು ಕೈ ಹಿಡಿಯುತ್ತಿದ್ದೆ. ಮೊದಲ ದಿನ ಉಮಾ ಕಿರುಚಿದ್ದು ಕೇಳಿ ಹೊರಗಿದ್ದ ಇವರು ಸೈಕಲ್ ಸ್ಟ್ಯಾಂಡಿನವರೆಗೆ ಹೋಗಿ ಅಲ್ಲಿ ವಾಂತಿ ಮಾಡಿಕೊಂಡರು. ಆಮೇಲೆ ಒಂದು ದಿನವೂ ಒಳಗೆ ಬರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಕರುಣೆಯೂ ಬರುತ್ತಿತ್ತು, ಆದರೆ ಸಿಟ್ಟೇ ಮುಂದೆ. ಬೆಳಿಗ್ಗೆ ಲಾಲ್‌ಬಾಗಿನ ಗೋಡೆಯ ಪಕ್ಕ ನಮ್ಮಿಬ್ಬರನ್ನೂ ಕೂರಿಸಿಕೊಂಡು ಸೈಕಲ್ ತುಳಿಯುವಾಗ ಅವರು ಒಂದು ಹಳ್ಳಕ್ಕೂ ಚಕ್ರ ಇಳಿಸುತ್ತಿರಲಿಲ್ಲ. ಮಗುವಿನ ಹೊಟ್ಟೆಯೆಲ್ಲ ಗಂಟು ಗಂಟಾಗಿ ಊದಿಕೊಂಡಿತ್ತು. ಲಂಗದ ಲಾಡಿ ಕಟ್ಟಲಾಗದೆ ಇವರ ಹಳೆಯ ಶರ್ಟು ತೊಡಿಸುತ್ತಿದ್ದೆ.

ಸಂಜೆ ಮತ್ತೆ ಹುಡುಕಾಟ. ಕೆಲಸದಿಂದ ಬಂದವರು ಕಾಫಿ ಕುಡಿದು ಸೈಕಲ್ ತೆಗೆಯುತ್ತಿದ್ದರು. ಹುಳಿಮಾವಿನ ಕೆರೆಯವರೆಗೂ ಹೋಗಿ ಬಂದದ್ದುಂಟು. ಬರಿಗೈಯಲ್ಲಿ ಬಂದು ಚಕ್ರದ ಕೆಸರು ಒರೆಸುತ್ತಾ ಕೂರುತ್ತಿದ್ದರು. ಆ ಮನೆಯಲ್ಲಿ ಹಾಗೆ ಮಾತಿಲ್ಲದೆ ಕಳೆದ ದಿನಗಳು ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಅರ್ಧದಷ್ಟು ಸೂಜಿ ಮುಗಿದಿದ್ದಾಗ ಒಂದು ಭಾನುವಾರ ಸಂಜೆ ಇವರು ಬಾಗಿಲಲ್ಲೇ ನಿಂತು, ಸಿಕ್ತು ಕಣೇ ಎಂದರು. ಧ್ವನಿಯೇ ಅವರದಾಗಿರಲಿಲ್ಲ. ಉಮಾಳನ್ನು ಬಾರ್ ಮೇಲೆ, ನನ್ನನ್ನು ಹಿಂದೆ ಕೂರಿಸಿಕೊಂಡು ಜೆ.ಪಿ. ನಗರದ ಖಾಲಿ ರಸ್ತೆಗಳಲ್ಲಿ ಹೇಗೆ ತುಳಿದರೋ. ಒಂದು ಸಿಮೆಂಟ್ ಪೈಪಿನ ಮುಂದೆ ನಿಲ್ಲಿಸಿದರು. ಒಳಗೆ ಕಂದು ಬಣ್ಣದ ಹೆಣ್ಣುನಾಯಿ, ಹೊಟ್ಟೆಗೆ ಅಂಟಿಕೊಂಡ ಮರಿಗಳು. ನಮ್ಮನ್ನು ಕಂಡು ಗುರ್ ಎಂದಿತು. ಒಂದು ಕಿವಿಯ ತುದಿ ಕಚ್ಚಿ ಕಿತ್ತ ಹಾಗಿತ್ತು. ಕಣ್ಣು ಚುರುಕಾಗಿತ್ತು, ಮೈ ತುಂಬಿಕೊಂಡಿತ್ತು, ಆರೋಗ್ಯವೆಂದರೆ ಆರೋಗ್ಯ. ಆಗ ಬಸುರಿಯಾಗಿತ್ತು, ಅದಕ್ಕೇ ಕಚ್ಚಿದೆ ಎಂದರು ಇವರು. ನನ್ನ ಕೈ ತಾನಾಗಿಯೇ ಮುಗಿದುಕೊಂಡಿತು.

ಇವರು ಮಗಳನ್ನು ಇಳಿಸಿ ಅವಳ ಮುಂದೆ ಮಂಡಿಯೂರಿದರು.

"ಪುಟ್ಟಾ, ಸರಿಯಾಗಿ ನೋಡು. ಇದೇ ತಾನೇ? ಇದೇ ಆದ್ರೆ ನಾಳೆಯಿಂದ ಸೂಜಿ ಇಲ್ಲ."

ಹಾಗೆ ಹೇಳಬಾರದಿತ್ತು. ಹೇಳಿದ ಮೇಲೆ ಅವರಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಆರು ವರ್ಷದ ಮಗು, ಊದಿದ ಹೊಟ್ಟೆ. ಹೂಂ ಎಂದರೆ ಸಾಕು, ಎಲ್ಲ ಮುಗಿಯುತ್ತದೆ. ಅವಳು ಹೂಂ ಎಂದರೆ ಅದನ್ನು ನಂಬುವುದೋ ಬಿಡುವುದೋ? ನಂಬಿ ಸೂಜಿ ನಿಲ್ಲಿಸಿ, ಎರಡು ತಿಂಗಳಾದ ಮೇಲೆ ಒಂದು ದಿನ ಅವಳು ನೀರಿನ ಲೋಟ ತಳ್ಳಿದರೆ? ಇಷ್ಟು ದಿನದ ಭಯವೆಲ್ಲ ಒಂದು ಕಡೆ, ಆ ಒಂದು ನಿಮಿಷದ ಭಯ ಒಂದು ಕಡೆ. ಹೂಂ ಅನ್ನಲಿ ಎಂದು ಒಂದು ಮನಸ್ಸು ಬೇಡುತ್ತಿತ್ತು. ಅನ್ನದಿರಲಿ ಎಂದು ಇನ್ನೊಂದು.

ಉಮಾ ಪೈಪಿನ ಬಾಯಿಯ ಹತ್ತಿರ ಬಗ್ಗಿದಳು. ನಾನು ಅವಳ ಶರ್ಟಿನ ತುದಿ ಹಿಡಿದುಕೊಂಡೇ ಇದ್ದೆ. ಬಹಳ ಹೊತ್ತು ನೋಡಿದಳು. ಆ ಕಡೆ ಹೋಗಿ ನೋಡಿದಳು, ಈ ಕಡೆ ಬಂದು ನೋಡಿದಳು. ಆಮೇಲೆ ಅಪ್ಪನ ಮುಖ ನೋಡಿದಳು. ಅವಳ ಗಲ್ಲ ಅದುರುವುದು ಕಂಡಿತು. ಕಣ್ಣು ತುಂಬಿ ಬಂತು.

"ಇದಲ್ಲ ಅಪ್ಪ" ಎಂದಳು.

ಇವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಕಾರ್ಖಾನೆಯಲ್ಲಿ ಬೆರಳಿನ ಮೇಲೆ ಕಬ್ಬಿಣ ಬಿದ್ದಾಗಲೂ ಅಳದ ಮನುಷ್ಯ ಆ ಖಾಲಿ ರಸ್ತೆಯಲ್ಲಿ ಕೂತು ಅತ್ತರು. ನಾನು ಮಗುವನ್ನು ಎತ್ತಿಕೊಂಡೆ. ಹೊಟ್ಟೆ ಒತ್ತಿತೇನೋ, ಅಮ್ಮಾ ನಿಧಾನ ಎಂದಳು. ಆಮೇಲೆ ನನ್ನ ಹೆಗಲ ಮೇಲಿನಿಂದಲೇ ಕೇಳಿದಳು.

"ನಾಳೆ ಅಪ್ಪ ಒಳಗೆ ಬರ್ಲಿ. ಬರ್ತೀಯಾಪ್ಪ?"

ಆ ಕಿವಿ ಹರಿದ ನಾಯಿ ಕೊನೆಗೂ ನಮಗೆ ಸಿಗಲಿಲ್ಲ. ಅದು ಬದುಕಿತ್ತೋ ಸತ್ತಿತ್ತೋ, ಅದಕ್ಕೆ ಹುಚ್ಚಿತ್ತೋ ಇಲ್ಲವೋ, ಇವತ್ತಿನವರೆಗೂ ಗೊತ್ತಿಲ್ಲ. ಹದಿನಾಲ್ಕು ಸೂಜಿಯೂ ಮುಗಿದವು. ಆಮೇಲೆ ಒಂದಿಡೀ ವರ್ಷ ನಾನು ಅವಳ ನೀರಿನ ಲೋಟ ಕಾದೆ. ಏನೂ ಆಗಲಿಲ್ಲ. ಯಾವ ಪುಣ್ಯ ಅವಳನ್ನು ಉಳಿಸಿತೋ ಹೇಳಲಾರೆ. ಆ ಸಂಜೆ ಪೈಪಿನ ಮುಂದೆ ಅವಳು ಹೇಳಿದ ಇದಲ್ಲ ಅಪ್ಪ ಎನ್ನುವ ಒಂದು ಮಾತೇ ಉಳಿಸಿತು ಎಂದು ನನ್ನ ನಂಬಿಕೆ.

ಆ ಸಂಜೆ ಕಳೆದ ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ಬಾಗಿಲಲ್ಲಿ ಇವರು ಸೈಕಲ್ಲನ್ನು ನನ್ನ ಕೈಗೆ ಕೊಟ್ಟು ಮಗಳನ್ನು ಎತ್ತಿಕೊಂಡು ಒಳಗೆ ಹೋದರು. ನಾನು ಹ್ಯಾಂಡಲ್ ಹಿಡಿದುಕೊಂಡು ಹೊರಗೆ ನಿಂತೆ. ಒಳಗಿನಿಂದ ಉಮಾಳ ಕಿರುಚಾಟ ಕೇಳಲಿಲ್ಲ. ಇವರ ಧ್ವನಿ ಮಾತ್ರ ಕೇಳುತ್ತಿತ್ತು. ವಸಂತಪುರದ ಗುಡ್ಡಕ್ಕೆ ಯಾವ ದಾರಿಯಲ್ಲಿ ಹೋಗಬೇಕು, ಎಲ್ಲಿ ಸೈಕಲ್ ಇಳಿಯಬೇಕು, ಎಲ್ಲಿ ಉಪ್ಪಿಟ್ಟು ತಿನ್ನಬೇಕು ಎಂದು ಅವಳಿಗೆ ಹೇಳುತ್ತಿದ್ದರು.